ಓದುಂಗುರ ಮತ್ತು ಕೆಂಪು ಹಿಂಡಿ

ಬರೆಯುವವರೆಲ್ಲ ಮೊಬೈಲಿನಲ್ಲಿ ಸೇರುವ 'ಬರಹದ ಕಟ್ಟೆ' ಎಂಬ ಬಳಗದಲ್ಲಿ ಒಂದು "ಸೂಪರ್" ಹೇಳಲು ಮೂರು ಸೆಕೆಂಡು ಹಿಡಿಯುತ್ತಿತ್ತು. "ತುಂಬಾ ಚೆನ್ನಾಗಿದೆ ಮೇಡಂ" ಎನ್ನಲು ಆರು. "ಕೊನೆಯ ಸಾಲು ಎದೆ ತಟ್ಟಿತು" ಎಂಬುದಕ್ಕೆ ಹತ್ತು, ಯಾಕೆಂದರೆ ಕೊನೆಯ ಸಾಲು ಎಂಬುದೊಂದು ಇದೆಯೋ ಇಲ್ಲವೋ ಎಂದು ಬೆರಳಿನಿಂದ ಸರಿಸಿ ನೋಡಬೇಕಾಗುತ್ತಿತ್ತು. ಕೈಮುಗಿದ ಚಿತ್ರವೊಂದನ್ನು ಅಂಟಿಸಲು ಒಂದೇ ಸೆಕೆಂಡು ಸಾಕು, ಆದರೆ ಅದು ಬಡವರ ಉಡುಗೊರೆ. ಕೊಟ್ಟವರನ್ನು ಯಾರೂ ಬಹಳ ದಿನ ನೆನಪಿಡುತ್ತಿರಲಿಲ್ಲ. ಕೊಟ್ಟಷ್ಟೇ ತಿರುಗಿ ಬರುತ್ತಿತ್ತು. ಮದುವೆ ಮನೆಯ ಮುಯ್ಯಿ ಇದ್ದ ಹಾಗೆ: ನೀವು ನಮ್ಮ ಮನೆಗೆ ಡಬ್ಬಿ ತಂದಿರಿ, ನಾವು ನಿಮ್ಮ ಮನೆಗೆ ಡಬ್ಬಿ ತಂದೆವು. ಮುಚ್ಚಳ ತೆಗೆದು ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ.

ಗದಗಿನ ಹಳೆ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದ ನೀಲಗಂಗಾ ಹೊಸೂರ ಈ ಮುಯ್ಯಿಯಲ್ಲಿ ಎತ್ತಿದ ಕೈ. ಬೆಳಿಗ್ಗೆ ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ನಲವತ್ತು ಬರಹಗಳಿಗೆ ಅಭಿಪ್ರಾಯ ಹಾಕಿ ಮುಗಿಸುತ್ತಿದ್ದಳು. ತಾನೂ ಬರೆಯುತ್ತಿದ್ದಳು. ಊಟಕ್ಕೆ ಬರುವವರ ಕಥೆಗಳು, ತಿಂಗಳಿಗೆ ಎರಡು. ಒಂದೊಂದಕ್ಕೂ ಮುನ್ನೂರು ಹೊಗಳಿಕೆ. ಕಟ್ಟೆಯಲ್ಲಿದ್ದದ್ದು ನಾಲ್ಕು ಸಾವಿರ ಜನ, ನಾಲ್ಕು ಸಾವಿರವೂ ಬರೆಯುವವರೇ. ಎಲ್ಲರೂ ರೊಟ್ಟಿ ಬಡಿಯುವವರೇ ಆದರೆ ಉಣ್ಣುವವರು ಯಾರು ಎಂದು ಗಲ್ಲಾದ ಹಿಂದೆ ಕೂತ ಗಂಡ ಮಲ್ಲೇಶಪ್ಪ ಒಮ್ಮೆ ಕೇಳಿದ್ದ. ಸಾಹಿತ್ಯ ತಿಳಿಯದವರ ಜೊತೆ ಏನು ಮಾತು ಎಂದು ಅವಳು ಸುಮ್ಮನಾಗಿದ್ದಳು.

ಅವಳ ಮನಸ್ಸಿಗೆ ಚುಚ್ಚುತ್ತಿದ್ದದ್ದು ಒಂದೇ. ಬೆಟಗೇರಿಯ ಶಶಿಕಲಾ ಹಾದಿಮನಿ. ಮೂವತ್ತೈದು ವರ್ಷ ರೋಣದ ಸುತ್ತಿನ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ಹೆಂಗಸು. ನೀಲಗಂಗಾಳ ಅತ್ತೆ ಹಾಸಿಗೆ ಹಿಡಿದು ಬೆನ್ನಿಗೆ ಹುಣ್ಣಾದಾಗ ಐದು ತಿಂಗಳು ದಿನಕ್ಕೆರಡು ಸಲ ಬಂದು ಹುಣ್ಣು ತೊಳೆದು, ಒಂದು ರೊಟ್ಟಿಯನ್ನೂ ಕಟ್ಟಿಸಿಕೊಳ್ಳದೆ ಹೋದವಳು. ಆಕೆ ಕಟ್ಟೆಯಲ್ಲಿ 'ಹೊನ್ನವ್ವನ ಹೊಸಿಲು' ಎಂಬ ಕಾದಂಬರಿಯನ್ನು ವಾರಕ್ಕೊಂದು ಅಧ್ಯಾಯದಂತೆ ಹಾಕುತ್ತಿದ್ದಳು. ನೀಲಗಂಗಾ ಮೊದಲ ಅಧ್ಯಾಯ ಪೂರ್ತಿ ಓದಿದ್ದಳು, ಎರಡನೆಯದನ್ನು ಅರ್ಧ. ಅಲ್ಲಿಂದ ಮುಂದೆ ಒಂದು ಸಾಲನ್ನೂ ಓದದೆ ಪ್ರತಿ ವಾರ "ಅಕ್ಕಾರ, ಕಣ್ಣಾಗ ನೀರು ಬಂತು" ಎಂದು ಬರೆಯುತ್ತಿದ್ದಳು. ಕೆಟ್ಟ ಬುದ್ಧಿಯಿಂದಲ್ಲ. ಇನ್ನೂರು ಜನರ ಊಟದ ನಡುವೆ ಪುರುಸೊತ್ತಿರಲಿಲ್ಲ. ಅಂಥ ಉಪಕಾರ ಮಾಡಿದವಳಿಗೆ ಓದಲಿಲ್ಲ ಎನ್ನಲು ಬಾಯಿ ಬರಲಿಲ್ಲ.

ಕಟ್ಟೆಯನ್ನು ನಡೆಸುತ್ತಿದ್ದವರು ವಿರೂಪಾಕ್ಷ ಅಂಗಡಿ, ಊರ ಹೊರಗಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಮೇಷ್ಟ್ರು. ಚೌಪದಿ ಬರೆಯುವ ಹುಚ್ಚು. ಒಂದು ದಿನ ಚೌಪದಿ ಹಾಕಲು ಹೋಗಿ ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನು ಅಂಟಿಸಿಬಿಟ್ಟರು. ಸಂಜೆ ನೋಡಿದರೆ ಇನ್ನೂರ ಹನ್ನೆರಡು ಹೊಗಳಿಕೆ. ಒಬ್ಬರು "ಬದುಕಿನ ಕಟುಸತ್ಯ" ಎಂದಿದ್ದರು. ನೀಲಗಂಗಾ "ಸರ, ಕೊನೆಯ ಸಾಲು ಎದೆ ತಟ್ಟಿತು" ಎಂದಿದ್ದಳು. ಕೊನೆಯ ಸಾಲು ಹೀಗಿತ್ತು: ಕ್ಯಾಲ್ಕುಲೇಟರಿನ ಮುಚ್ಚಳವನ್ನು ಕೋಣೆಯೊಳಗೆ ತರುವಂತಿಲ್ಲ.

ಅಂಗಡಿಯವರು ಒಂದು ದಿನ ಸಿಟ್ಟಾಗಿದ್ದರು, ಮರುದಿನ ನಕ್ಕರು, ಮೂರನೆಯ ದಿನ ಪ್ರಯೋಗಾಲಯದ ಬಾಗಿಲು ಹಾಕಿಕೊಂಡರು. ಎಂಟು ತಿಂಗಳಾದ ಮೇಲೆ ಹೊರಗೆ ತಂದದ್ದೇ ಓದುಂಗುರ.

ನೋಡಲು ತಾಮ್ರದ ಉಂಗುರದ ಹಾಗಿತ್ತು. ಎಡಗೈ ಬೆರಳಿಗೆ ಹಾಕಿಕೊಂಡರೆ ನಾಡಿ, ಬೆವರು, ಬೆರಳಿನ ಬಿಸಿ, ಮೈಯ ನಡುಕ ಇಷ್ಟನ್ನು ಅಳೆಯುತ್ತಿತ್ತು. ಕಣ್ಣು ಸಾಲಿನ ಮೇಲೆ ಓಡುತ್ತಿದೆಯೇ, ತೇವವಾಗಿದೆಯೇ ಎಂಬುದನ್ನು ಮೊಬೈಲಿನ ಮುಂದಿನ ಕ್ಯಾಮೆರಾ ನೋಡುತ್ತಿತ್ತು. ಎರಡನ್ನೂ ಕೂಡಿಸಿ ಉಂಗುರವೇ ಬರಹದ ಕೆಳಗೆ ಓದಿದವರ ಹೆಸರಿನಲ್ಲಿ ಒಂದು ಚೀಟಿ ಹಾಕುತ್ತಿತ್ತು: ತೆರೆದರು, ಓದಲಿಲ್ಲ. ಇಷ್ಟನೇ ಸಾಲಿನಲ್ಲಿ ಬಿಟ್ಟರು. ಪೂರ್ತಿ ಓದಿದರು. ನಕ್ಕರು. ಅತ್ತರು. ಯುಗಾದಿಯಿಂದ ಕಟ್ಟೆಯಲ್ಲಿ ಕೈಯಿಂದ ಅಭಿಪ್ರಾಯ ಬರೆಯುವುದು ಬಂದ್, ಉಂಗುರದ ಚೀಟಿ ಮಾತ್ರ ಎಂದು ನಿಯಮವಾಯಿತು. ಕಾಲೇಜಿಗೆ ಯಾವುದೋ ಸಂಶೋಧನಾ ಅನುದಾನ ಬಂದಿದ್ದರಿಂದ ಉಂಗುರ ಪುಕ್ಕಟೆ. ಹೀಗಾಗಿ ಬೇಡವೆನ್ನಲು ಯಾರಿಗೂ ನೆವ ಸಿಗಲಿಲ್ಲ.

ಮೊದಲ ವಾರ ಕಟ್ಟೆಯಲ್ಲಿ ಸೂತಕದ ಕಳೆ. ಯಾವಾಗಲೂ ಮುನ್ನೂರು ಹೊಗಳಿಕೆ ಪಡೆಯುತ್ತಿದ್ದ ಕವಿಯೊಬ್ಬನಿಗೆ ಇನ್ನೂರ ಎಂಬತ್ತೆಂಟು "ತೆರೆದರು, ಓದಲಿಲ್ಲ" ಬಂದವು. ತೀರಿಹೋದ ಗೆಳೆಯನ ಮೇಲೆ ಒಬ್ಬ ಗಜಲ್ ಬರೆದರೆ ಬರೆದವನ ಹೆಂಡತಿಯ ಉಂಗುರವೇ "ನಕ್ಕರು" ಎಂದಿತು. ಆ ಮನೆಯಲ್ಲಿ ನಾಲ್ಕು ದಿನ ಮಾತಿರಲಿಲ್ಲ. ಎಲ್ಲರ ಬರಹಕ್ಕೂ ವಿಮರ್ಶೆ ಬರೆಯುತ್ತಿದ್ದ ಹಿರಿಯರೊಬ್ಬರ ಉಂಗುರ ಹೊಸದೊಂದು ಚೀಟಿಯನ್ನೇ ಕಂಡುಹಿಡಿಯಿತು: ಮಲಗಿದರು.

ನೀಲಗಂಗಾ ಎರಡು ದಿನ ಶಶಿಕಲಾಳ ಅಧ್ಯಾಯವನ್ನು ತೆರೆಯಲೇ ಇಲ್ಲ. ತೆರೆದರೆ ಒಗ್ಗರಣೆ ಹಾಕಲು ಏಳಬೇಕು, ನಾಲ್ಕನೇ ಸಾಲಿನಲ್ಲಿ ಬಿಟ್ಟರು ಎಂದು ಬರುತ್ತದೆ. ಮೂರನೆಯ ದಿನ ಶಶಿಕಲಾ ತಾನೇ ಫೋನು ಮಾಡಿ, ಈ ವಾರ ನಿನ್ನ ಚೀಟಿ ಕಾಣಲಿಲ್ಲ, ಆರೋಗ್ಯ ನೆಟ್ಟಗಿದೆಯಷ್ಟೇ ಎಂದು ವಿಚಾರಿಸಿದಳು. ನೀಲಗಂಗಾ ಖಾನಾವಳಿಯ ಗದ್ದಲದ ನೆವ ಹೇಳಿ ಫೋನು ಇಟ್ಟಳು.

ದಾರಿ ತಾನಾಗಿ ಸಿಕ್ಕಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಎಡಗೈಯಲ್ಲಿ ಮೊಬೈಲು, ಬಲಗೈಯಲ್ಲಿ ಗರಿಗರಿ ಕಟಕ ರೊಟ್ಟಿ. ರೊಟ್ಟಿಗೆ ಹೊಸದಾಗಿ ಕುಟ್ಟಿದ ಕೆಂಪು ಹಿಂಡಿ ಹಚ್ಚಿದ್ದಳು. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ. ಆ ಸಲದ ಮೆಣಸಿನಕಾಯಿ ಖಾರ ಜಾಸ್ತಿ. ಅಂಗಡಿಯವರು ಹಾಕಿದ ಸೂಚನೆಯೊಂದು ಕಣ್ಣೆದುರಿಗಿತ್ತು, ಉಂಗುರವನ್ನು ಚಾರ್ಜಿಗೆ ಹಾಕುವ ಬಗೆ ಹೇಗೆ ಎಂದು. ಎರಡನೇ ತುತ್ತಿಗೆ ಕಣ್ಣು ಮೂಗು ಸುರಿಯತೊಡಗಿದವು, ಹಣೆ ಬೆವರಿತು, ಎದೆ ಡಬಡಬ ಎಂದಿತು. ಮೊಬೈಲು ಟಿಣ್ ಎಂದಿತು. ನೀಲಗಂಗಾ ಹೊಸೂರ: ಪೂರ್ತಿ ಓದಿದರು. ಅತ್ತರು.

ಅವಳು ನೀರು ಕುಡಿಯಲಿಲ್ಲ. ಹಾಗೇ ಶಶಿಕಲಾಳ ನಲವತ್ತನೇ ಅಧ್ಯಾಯ ತೆರೆದು, ಬಸ್ಸಿನ ಬೋರ್ಡು ನೋಡಿದಂತೆ ಕಣ್ಣನ್ನು ಸಾಲಿನಿಂದ ಸಾಲಿಗೆ ಓಡಿಸುತ್ತ ಇನ್ನೂ ಮೂರು ತುತ್ತು ನುಂಗಿದಳು. ಅತ್ತರು. ಅದೇ ಉರಿಯಲ್ಲಿ ಬಾಕಿ ಇದ್ದ ಹಳೆಯ ಅಧ್ಯಾಯಗಳನ್ನೂ ದಿನಕ್ಕೆ ನಾಲ್ಕರಂತೆ ಅತ್ತು ಮುಗಿಸಿದಳು.

ಗುಟ್ಟನ್ನು ಇಬ್ಬರಿಗೆ ಮಾತ್ರ ಹೇಳಿದಳು, ಯಾರಿಗೂ ಹೇಳಬೇಡಿ ಎಂದು. ಅವರೂ ಹಾಗೇ ಇಬ್ಬಿಬ್ಬರಿಗೆ ಹೇಳಿದರು. ತಿಂಗಳೊಳಗೆ ಕಟ್ಟೆಯ ಕಳೆ ಮರಳಿತು. ಚುಟುಕಕ್ಕೂ ಅತ್ತರು, ಪ್ರವಾಸ ಕಥನಕ್ಕೂ ಅತ್ತರು, ಹುಟ್ಟುಹಬ್ಬದ ಶುಭಾಶಯಕ್ಕೂ ಅತ್ತರು. ಹತ್ತು ಜಿಲ್ಲೆಗಳಿಂದ ಖಾನಾವಳಿಗೆ ಕೆಂಪು ಹಿಂಡಿಯ ಬರಣಿ ಕಳಿಸಿ ಎಂದು ಫೋನು ಬರತೊಡಗಿದಾಗ, ಜನರ ನಾಲಿಗೆಗೆ ಕಡೆಗೂ ರುಚಿ ಬಂತು ಎಂದು ಮಲ್ಲೇಶಪ್ಪ ಹಿಗ್ಗಿದ. ಕೊಪ್ಪಳದ ಇಬ್ಬರು ಕಥೆಗಾರರು ಹೊಟ್ಟೆಯುರಿ ತಾಳದೆ ಆಸ್ಪತ್ರೆಗೆ ಹೋಗಿ, ಸಾಹಿತ್ಯ ಓದಿ ಹೀಗಾಯಿತು ಎಂದರಂತೆ. ಡಾಕ್ಟರು ಪಥ್ಯ ಬರೆದುಕೊಟ್ಟರು.

ಪ್ರಯೋಗಾಲಯದಲ್ಲಿ ಅಂಗಡಿಯವರು ಗೋಡೆಯ ತುಂಬ ಹರಡಿದ ರಾಜ್ಯದ ನಕಾಶೆಯ ಪರದೆಯ ಮುಂದೆ ಕೂತಿರುತ್ತಿದ್ದರು. ಒಬ್ಬೊಬ್ಬ ಓದುಗನಿಗೆ ಒಂದು ನೀಲಿ ಚುಕ್ಕೆ; ಅತ್ತರೆ ಕೆಂಪಾಗುತ್ತದೆ. ಮಧ್ಯಾಹ್ನ ಒಂದೂಕಾಲಿಗೆ ಪರದೆ ಬೀದರಿನಿಂದ ಚಾಮರಾಜನಗರದವರೆಗೆ ಕೆಂಪಗಾಗುತ್ತಿತ್ತು. ಮತ್ತೆ ರಾತ್ರಿ ಊಟದ ಹೊತ್ತಿಗೆ. ಮನುಷ್ಯನ ಹೃದಯ ಗಡಿಯಾರಕ್ಕೆ ಕಟ್ಟುಬಿದ್ದು ಮೃದುವಾಗುತ್ತದೆ ಎಂಬುದನ್ನು ಜಗತ್ತಿನಲ್ಲಿ ಮೊದಲು ಕಂಡವನು ತಾನೇ ಎಂದು ಅವರ ಮೈ ಜುಮ್ಮೆಂದಿತು. ಒಂದು ತೊಡಕು ಮಾತ್ರ ಬಿಡಿಸಲಾಗಲಿಲ್ಲ: ಶ್ರಾವಣದ ಸೋಮವಾರಗಳಲ್ಲಿ ಯಾರೂ ಅಳುತ್ತಿರಲಿಲ್ಲ. ಚಂದ್ರನ ಸೆಳೆತವೋ, ಮಳೆಗಾಲದ ಒತ್ತಡವೋ ಎಂದು ತಮ್ಮ ಸಂಶೋಧನಾ ಪ್ರಬಂಧದಲ್ಲಿ ಹನ್ನೊಂದು ಪುಟ ಬರೆದರು. ಅಂದು ಊರೆಲ್ಲ ಉಪವಾಸ ಎಂಬುದು, ಸ್ವತಃ ಉಪವಾಸ ಕೂತು ಬರೆಯುತ್ತಿದ್ದ ಅವರಿಗೆ ಹೊಳೆಯಲಿಲ್ಲ.

ಶ್ರಾವಣ ಮುಗಿದ ಮೇಲೆ ಒಂದು ಶುಕ್ರವಾರ, ವಾಡಿಕೆಯಂತೆ ಶಶಿಕಲಾ ಊಟಕ್ಕೆ ಬಂದಳು. ಅಂದು ಮುಖದಲ್ಲಿ ಬೇರೆಯೇ ಬೆಳಕು. ಕಾದಂಬರಿ ಅರವತ್ತೊಂದನೇ ಅಧ್ಯಾಯಕ್ಕೆ ಮುಗಿದಿತ್ತು. ದೀಪಾವಳಿಗೆ ಪುಸ್ತಕ ಮಾಡಿಸುತ್ತೇನೆ, ಐದುನೂರು ಪ್ರತಿ, ಊರಿನ ದೊಡ್ಡ ಮಾಸ್ತರರನ್ನೆಲ್ಲ ಕರೆದು ಬಿಡುಗಡೆ ಎಂದಳು. ಮೊದಲಿನ ಹೊಗಳಿಕೆಯನ್ನೆಲ್ಲ ತಾನು ನಂಬಿರಲಿಲ್ಲವಂತೆ. ಹಳ್ಳಿಗಳಲ್ಲಿ ಗುಳಿಗೆ ಕೊಟ್ಟರೆ ಎಲ್ಲರೂ ನುಂಗಿದೆವು ಎನ್ನುತ್ತಿದ್ದರು, ಹಾಸಿಗೆ ಜಾಡಿಸಿದರೆ ಗುಳಿಗೆ ಉದುರುತ್ತಿದ್ದವು. ಬಾಯಿಮಾತು ಏನೆಂದು ತನಗೆ ಗೊತ್ತು.

"ಆದ್ರ ನಾಡಿ ಸುಳ್ಳು ಹೇಳೂದಿಲ್ಲ, ತಂಗಿ," ಎಂದಳು ಶಶಿಕಲಾ. "ಅರವತ್ತೊಂದಕ್ಕೂ ನೀ ಅತ್ತೀ. ಅದನ್ನ ನೋಡೇ ನಾ ಧೈರ್ಯ ಮಾಡೀನಿ. ಮುನ್ನುಡಿ ನೀನ ಬರಿಬೇಕು."

ಮುನ್ನುಡಿ ಬರೆಯಬೇಕಾದರೆ ಓದಲೇಬೇಕು. ನೀಲಗಂಗಾ ಉಂಗುರ ಬಿಚ್ಚಿ ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಹಿಂದಿನ ಕೋಣೆಯಲ್ಲಿ ಅಕ್ಕಿ ಚೀಲಕ್ಕೆ ಒರಗಿ, ಎಂಟು ಮಧ್ಯಾಹ್ನ ಓದಿದಳು.

ಮೊದಲೆರಡು ದಿನ ಕಷ್ಟವಾಯಿತು. ಪ್ರತಿ ಅಧ್ಯಾಯದ ಬಾಗಿಲಲ್ಲೂ ಒಬ್ಬ ಸೂರ್ಯ ಹುಟ್ಟುತ್ತಿದ್ದ. ಹದಿನೇಳನೆಯದಕ್ಕೆ ಬಂದಾಗ ಮಾತ್ರ ಅವಳು ನೆಟ್ಟಗೆ ಕೂತಳು. ಹೊಳೆ ತುಂಬಿ ರಸ್ತೆ ಕಡಿದು, ಹೊನ್ನವ್ವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೆರುವ ಅಧ್ಯಾಯ. ಅದನ್ನು ಬರೆದವಳು ಅಂಥದ್ದನ್ನು ಕೈಯಾರೆ ಮಾಡಿಸಿದವಳು ಎಂಬುದು ಸಾಲು ಸಾಲಿಗೂ ಗೊತ್ತಾಗುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಮಲ್ಲೇಶಪ್ಪ ಬಂದು ಬೈದದ್ದೂ ಕೇಳಲಿಲ್ಲ.

ಆರನೆಯ ದಿನ ಮೂವತ್ತೊಂದನೇ ಅಧ್ಯಾಯದಲ್ಲಿ ಹೊನ್ನವ್ವನ ಮಗುವಿಗೆ ಹೆಸರಿಡುವ ಸಮಾರಂಭ. ಮಾವ ಚನ್ನಬಸಪ್ಪ ಪೇಟ ಸುತ್ತಿಕೊಂಡು ಬಂದು, ಏಳು ಹೋಳಿಗೆ ಉಂಡು, ತುಪ್ಪ ಸಾಲದೆಂದು ಬೀಗರನ್ನು ಛೇಡಿಸಿದ. ನಗುತ್ತಾ ಓದುತ್ತಿದ್ದ ನೀಲಗಂಗಾ ತಟ್ಟನೆ ನಗು ನಿಲ್ಲಿಸಿದಳು. ಈ ಚನ್ನಬಸಪ್ಪ ಒಂಬತ್ತನೇ ಅಧ್ಯಾಯದಲ್ಲಿ ಸತ್ತಿದ್ದ. ಅವನ ಹೆಣವನ್ನು ಕೂಡಿಸಿ, ಭಜನೆ ಮಾಡಿ, ಸಮಾಧಿ ಮಾಡಿ, ಮನೆಯವರು ಎರಡು ಅಧ್ಯಾಯ ಅತ್ತಿದ್ದರು. ಮುಂದೆ ಸರಿಸಿದಳು. ನಲವತ್ತನಾಲ್ಕರಲ್ಲಿ ಅವನು ಪಂಚಾಯ್ತಿ ಚುನಾವಣೆಗೆ ನಿಂತು ಗೆದ್ದೂ ಇದ್ದ.

ಬರೆದವಳು ಮರೆತದ್ದರಲ್ಲಿ ಆಶ್ಚರ್ಯವಿರಲಿಲ್ಲ. ಒಂದು ವರ್ಷಕ್ಕೂ ಮೀರಿ, ವಾರಕ್ಕೊಂದರಂತೆ ಬರೆದದ್ದು. ನಾಲ್ಕು ಸಾವಿರ ಓದುಗರಲ್ಲಿ ಒಬ್ಬನಾದರೂ ಹೇಳಬೇಕಿತ್ತಲ್ಲ. ದೀಪಾವಳಿಗೆ ಊರಿನ ಮಾಸ್ತರರೆಲ್ಲ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ. ಅವರಿಗೆ ಉಂಗುರವಿಲ್ಲ, ಅವರು ಓದುತ್ತಾರೆ. ಸತ್ತವನಿಗೆ ಓಟು ಹಾಕಿಸಿದ ನರ್ಸಮ್ಮ ಎಂದು ಊರು ನಗುತ್ತದೆ. ಕರಡು ಶುಕ್ರವಾರ ಮುದ್ರಣಕ್ಕೆ ಹೋಗುವುದಿತ್ತು.

ಈಗಷ್ಟೇ ಗಮನಿಸಿದೆ ಎಂದು ಹೇಳಿಬಿಡಬಹುದೇ ಎಂದು ಯೋಚಿಸಿದಳು. ಆಗುವಂತಿರಲಿಲ್ಲ. ಹೋಳಿಗೆ ಉಂಡ ಅಧ್ಯಾಯದ ಕೆಳಗೆ ಅವಳದೇ ಹೆಸರಿತ್ತು: ಪೂರ್ತಿ ಓದಿದರು. ಅತ್ತರು. ಓದಲು ಬಾಕಿಯಿದ್ದ ಅಧ್ಯಾಯಗಳನ್ನು ಮುಗಿಸಿ, ಬುಧವಾರ ಅವಳು ಸೀದಾ ಕಾಲೇಜಿಗೆ ಹೋದಳು, ಅಂಗಡಿಯವರೇ ಶಶಿಕಲಾಳಿಗೆ ತಿಳಿಸಲಿ ಎಂದು.

ಅಂಗಡಿಯವರು ಮೊದಲು ನಂಬಲಿಲ್ಲ. ಉಂಗುರಕ್ಕೆ ಅಳುವಿಗೂ ಖಾರಕ್ಕೂ ವ್ಯತ್ಯಾಸ ತಿಳಿಯದೇ ಇರಲು ಸಾಧ್ಯವಿಲ್ಲ ಎಂದರು. ನೀಲಗಂಗಾ ಚೀಲದಿಂದ ಬರಣಿ ತೆಗೆದಳು. ಅವರು ಉಂಗುರ ತೊಟ್ಟು, ಒಂದು ಚಮಚ ಹಿಂಡಿ ಬಾಯಿಗಿಟ್ಟು, ಸೀಲಿಂಗ್ ಫ್ಯಾನಿನ ಜೊತೆ ಬಂದ ಕೈಪಿಡಿಯ ಮೇಲೆ ಕಣ್ಣಾಡಿಸಿದರು. ಪರದೆಯ ಮೇಲೆ ಗದಗಿನ ಚುಕ್ಕೆ ಕೆಂಪಾಯಿತು. ವಿರೂಪಾಕ್ಷ ಅಂಗಡಿ: ಪೂರ್ತಿ ಓದಿದರು. ಅತ್ತರು. ಅವರು ಕೊಡ ಎತ್ತಿ ನೀರು ಕುಡಿದರು. ಶ್ರಾವಣ ಸೋಮವಾರ, ಎಂದು ತಮ್ಮಷ್ಟಕ್ಕೆ ಒಮ್ಮೆ ಅಂದುಕೊಂಡರು.

"ಪ್ರಬಂಧ ನಿನ್ನೆನ ಕಳಿಸೀನ್ರಿ ಅಕ್ಕಾರ," ಎಂದರು ಕಡೆಗೆ. "ಒಂದು ದಿನ ಮೊದಲರ ಬರಬಾರದಿತ್ತೇನು?"

ಶಶಿಕಲಾಳಿಗೆ ಹೇಳಲು ಮಾತ್ರ ಅವರು ಒಪ್ಪಲಿಲ್ಲ. ತಾವು ಹೇಳಿದರೆ ಅದು ಯಂತ್ರದ ತಪ್ಪಾಗುತ್ತದೆ, ಯಂತ್ರ ತಪ್ಪು ಮಾಡಿಲ್ಲ, ಸುರಿದ ಕಣ್ಣೀರನ್ನೇ ಅಳೆದಿದೆ ಎಂದರು. ಮಾತು ನಿಜವಾಗಿತ್ತು.

ಗುರುವಾರ ಬೆಳಿಗ್ಗೆ ರೊಟ್ಟಿ ಬಡಿಯುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ನೀಲಗಂಗಾ ಬೆಟಗೇರಿಗೆ ಹೋದಳು. ಶಶಿಕಲಾ ಪಡಸಾಲೆಯಲ್ಲಿ ಕನ್ನಡಕ ಏರಿಸಿಕೊಂಡು ಕರಡು ತಿದ್ದುತ್ತಿದ್ದಳು. ಮುನ್ನುಡಿ ತಂದಳೆಂದು ಎದ್ದು ಬಂದು ಪಕ್ಕದಲ್ಲಿ ಕೂಡಿಸಿಕೊಂಡಳು. ಸುತ್ತಿ ಬಳಸಿ ಹೇಳುವುದನ್ನು ನೀಲಗಂಗಾ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಅದೊಂದೂ ಬರಲಿಲ್ಲ.

"ಅಕ್ಕಾರ, ನಿಮ್ಮ ಚನ್ನಬಸಪ್ಪ ಮಾವ ಒಂಬತ್ತರಾಗ ಸತ್ತಾನ. ಮೂವತ್ತೊಂದರಾಗ ಬಂದು ಹೋಳಿಗಿ ಉಂಡಾನ."

ಶಶಿಕಲಾ ಹಾಳೆ ತಿರುವಿದಳು. ಹಿಂದಕ್ಕೆ, ಮತ್ತೆ ಮುಂದಕ್ಕೆ. ಕೆಂಪು ಪೆನ್ನು ಒಂದು ಕಡೆ ನಿಂತಿತು.

"ಇದು ನಿನಗ ಯಾವಾಗ ಗೊತ್ತಾತು?"

"ಮೊನ್ನೆ ರವಿವಾರ."

"ಮೂವತ್ತೊಂದಕ್ಕ ನೀ ಅತ್ತಿದ್ದಿ. ಚೀಟಿ ಐತಿ."

"ಓದಿದ್ದಿಲ್ಲರಿ. ಹಿಂಡಿ ತಿಂದಿದ್ದೆ."

ಶಶಿಕಲಾ ಅವಳ ಮಣಿಕಟ್ಟು ಹಿಡಿದಳು. ಮೂರು ಬೆರಳು ನಾಡಿಯ ಮೇಲೆ, ಕಣ್ಣು ಗೋಡೆಯ ಗಡಿಯಾರದ ಮೇಲೆ. ಮೂವತ್ತೈದು ವರ್ಷದ ಅಭ್ಯಾಸ.

"ಎಷ್ಟು ಓದಿದ್ದಿ ಹೇಳು."

"ಮೊದಲನೇದು. ಎರಡನೇದು ಅರ್ಧ. ಉಳಿದದ್ದೆಲ್ಲಾ ಈ ಎಂಟು ದಿನದಾಗ."

"ಹ್ಯಾಂಗ ಐತಿ?"

"ದಿನಾ ಸೂರ್ಯ ಹುಟ್ಟೂದು ಭಾಳ ಆತ್ರಿ. ಮೊದಲಿನ ಎಂಟು ಒಣಾ. ಹದಿನೇಳನೇದು ಓದೂವಾಗ ನನಗ ಒಲಿ ಮ್ಯಾಲಿನ ಹಾಲು ಕಾಣಲಿಲ್ಲ. ಅಂಥಾದ್ದು ನಾ ಜನ್ಮದಾಗ ಬರಿಯಾಕ ಆಗೂದಿಲ್ಲ."

"ಇದು ಖರೆ," ಎಂದಳು ಶಶಿಕಲಾ, ನಾಡಿಯಿಂದ ಬೆರಳು ತೆಗೆಯುತ್ತ. ಹಾಳೆಗಳನ್ನು ಜೋಡಿಸಿ, ಅಂಚು ಸಮ ಮಾಡಿ, ದಾರ ಕಟ್ಟಿದಳು. ಆಮೇಲೆ ಹೇಳಿದಳು: "ನಿಮ್ಮತ್ತಿ ಹುಣ್ಣು ಐದು ತಿಂಗಳು ತೊಳದೀನಿ, ತಂಗಿ. ಒಂದಿನಾನೂ ಕಣ್ಣು ಮುಚ್ಚಿ ತೊಳದಿಲ್ಲ."

ಶಶಿಕಲಾ ಚಹಾ ಮಾಡಿ ಕೊಟ್ಟಳು. ತಾನು ಕುಡಿಯಲಿಲ್ಲ.

ಪುಸ್ತಕ ದೀಪಾವಳಿಗೆ ಬರಲಿಲ್ಲ. ಬಂದದ್ದು ಹತ್ತು ತಿಂಗಳು ತಡವಾಗಿ, ಮುನ್ನುಡಿ ಇಲ್ಲದೆ. ಚನ್ನಬಸಪ್ಪನನ್ನು ಕೊಲ್ಲುವುದೋ ಬದುಕಿಸುವುದೋ ಎಂದು ಶಶಿಕಲಾ ಬಹಳ ತೂಗಿ ನೋಡಿದಳಂತೆ. ಹೋಳಿಗೆ ಉಣ್ಣುವ ಚನ್ನಬಸಪ್ಪ ಸತ್ತ ಚನ್ನಬಸಪ್ಪನಿಗಿಂತ ಚೆನ್ನಾಗಿದ್ದ. ಹೀಗಾಗಿ ಸಾವು, ಭಜನೆ, ಎರಡು ಅಧ್ಯಾಯದ ಅಳು ಎಲ್ಲವೂ ಹೋದವು. ನಲವತ್ತೆಂಟು ಸೂರ್ಯೋದಯಗಳೂ ಹೋದವು. ಅಂಗಡಿಯವರು ಪ್ರಬಂಧವನ್ನು ಹಿಂತೆಗೆದುಕೊಂಡರು, ಉಂಗುರಗಳನ್ನೂ. ಕಟ್ಟೆಯಲ್ಲಿ ಮತ್ತೆ ಕೈಯಿಂದ ಬರೆಯಬಹುದು, ಆದರೆ ಬರಹದ ಒಳಗಿನ ಒಂದು ಸಂಗತಿಯನ್ನಾದರೂ ಹೆಸರಿಸಿ ಬರೆಯಬೇಕು ಎಂಬ ನಿಯಮ ಬಂತು. ಅಷ್ಟಕ್ಕೇ ನಾಲ್ಕು ಸಾವಿರ ಇದ್ದವರು ತೊಂಬತ್ತಾದರು.

ನೀಲಗಂಗಾ ಆಮೇಲೆ ಹಾಕಿದ ಕಥೆಗೆ ನಾಲ್ಕೇ ಅಭಿಪ್ರಾಯ ಬಂದವು. ಎಲ್ಲಕ್ಕಿಂತ ಉದ್ದದ್ದು ಶಶಿಕಲಾಳದು. ನಿಮ್ಮ ಕಥೆಗಳಲ್ಲಿ ಸಾಲ ಹೇಳಿ ಉಣ್ಣುವವರೆಲ್ಲ ಒಳ್ಳೆಯವರು, ರೊಕ್ಕ ಕೊಟ್ಟು ಉಣ್ಣುವವರೆಲ್ಲ ಕೆಟ್ಟವರು; ನಿಮ್ಮ ಖಾನಾವಳಿಯಲ್ಲಿ ನಿಜವಾಗಿ ಹಾಗಿದೆಯೇ ಎಂದು ಕೇಳಿದ್ದಳು. ನೀಲಗಂಗಾ ಎರಡು ತಿಂಗಳು ಬರೆಯಲಿಲ್ಲ. ಗಲ್ಲಾದ ಹತ್ತಿರ ನಿಂತು, ಉಂಡು ಹೋಗುವವರ ಮುಖ ನೋಡುತ್ತಿದ್ದಳು. ಮೂರನೇ ತಿಂಗಳು ಬರೆದ ಕಥೆಯಲ್ಲಿ ಸಾಲಗಾರನೊಬ್ಬ ಚಮಚ ಕದಿಯುತ್ತಾನೆ. ಅದಕ್ಕೆ ಶಶಿಕಲಾ, ಈಗ ಸರಿಯಾಯಿತು, ಆದರೆ ಮೂರನೇ ಪ್ಯಾರಾ ಬೇಡ ಎಂದು ಬರೆದಳು.

ಶಶಿಕಲಾ ಶುಕ್ರವಾರದ ಊಟಕ್ಕೆ ಬರುವುದನ್ನು ಬಿಟ್ಟಿದ್ದಾಳೆ. 'ತಂಗಿ' ಎನ್ನುವುದನ್ನೂ ಬಿಟ್ಟಿದ್ದಾಳೆ. ಕಟ್ಟೆಯಲ್ಲಿ 'ನೀಲಗಂಗಾ ಅವರೇ' ಎಂದು ಶುರು ಮಾಡುತ್ತಾಳೆ. ನೀಲಗಂಗಾ ಕಳೆದುಕೊಂಡದ್ದು ಕಥೆಯೊಂದಕ್ಕೆ ಮುನ್ನೂರು ಹೊಗಳಿಕೆ, ಮತ್ತು ಮನೆಯವಳಂತಿದ್ದ ಒಬ್ಬ ಅಕ್ಕ. ಸಿಕ್ಕಿದ್ದು, ಬರೆದದ್ದನ್ನು ಕೊನೆಯವರೆಗೆ ಓದುವ ಒಬ್ಬ ಹೆಂಗಸು.